ಗಯಾಸನ ಹೊಳೆದಂಡೆಯ ಫಸಲು

ಶಹಾಪುರ ಬಸ್‌ಸ್ಟ್ಯಾಂಡಿನ ಎದುರು, ಬಸವಂತ್ರಾಯನ ಚಹಾದ ಹೋಟೆಲಿಗೆ ಅಂಟಿಕೊಂಡಂತೆ ಒಂದು ಡಬ್ಬಿಯಂಥ ಅಂಗಡಿ. ಅದರಲ್ಲಿ ಕೂತು ವಾಚ್ ರಿಪೇರಿ ಮಾಡುವ ಗಯಾಸನಿಗೆ ಇಪ್ಪತ್ತೆಂಟು ವರ್ಷಗಳಲ್ಲಿ ಯಾರ ಮೇಲೂ ಜಿದ್ದು ಹುಟ್ಟಿರಲಿಲ್ಲ. ಹುಟ್ಟಿದ್ದು ಒಂದು ದಾವತ್ತಿನಲ್ಲಿ, ಬಿರಿಯಾನಿಯ ತಟ್ಟೆಯ ಮೇಲೆ ಹೆಂಡತಿಯ ಅಣ್ಣನ ಬೆರಳು ಕಂಡಾಗ.

ಆ ಬೆರಳಿನಲ್ಲಿ ಉಂಗುರವಿತ್ತು. ಉಂಗುರದಲ್ಲಿ ಕಲ್ಲಿತ್ತು. ಯಾದಗಿರಿಯಲ್ಲಿ ಬಳೆ, ಉಂಗುರದ ಅಂಗಡಿ ಇಟ್ಟಿದ್ದ ಅಮೀನಸಾಬ ಅವತ್ತು ಉಣ್ಣುವುದಕ್ಕಿಂತ ಹೆಚ್ಚಾಗಿ ಬೆರಳನ್ನೇ ಆಡಿಸುತ್ತಿದ್ದ.

"ಯಮನಿ ಅಕೀಕ್," ಎಂದ, ಯಾರೂ ಕೇಳದಿದ್ದರೂ. "ಯಮನ್ ದೇಶದ್ದು. ಶಹಾಪುರ, ಸುರಪುರ, ಯಾದಗಿರಿ ಮೂರೂ ಕಡಿ ತಿರುಗ್ರಿ, ಇಂಥಾದ್ದು ಇನ್ನೊಂದು ತೋರಸ್ರಿ ನೋಡೋಣ."

ಯಾರೂ ತೋರಿಸಲು ಹೋಗಲಿಲ್ಲ. ಎಲ್ಲರ ಕೈಯಲ್ಲೂ ಬಿರಿಯಾನಿ ಇತ್ತು. ಗಯಾಸ ಮಾತ್ರ ಎಡಗೈಯಿಂದ ಜೇಬಿನ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು, ಭಾವನ ಬೆರಳನ್ನು ಸತ್ತ ವಾಚಿನಂತೆ ಹಿಡಿದು ತಿರುವಿ ನೋಡಿದ. ಸುಮ್ಮನೆ ಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

"ಭಾಯಿಜಾನ್, ಈ ಪಟ್ಟಿಪಟ್ಟಿ ಕಲ್ಲು ನಮ್ಮ ಕೃಷ್ಣಾ ಹೊಳಿ ದಂಡ್ಯಾಗ ಹೆಜ್ಜಿಗೊಂದು ಬಿದ್ದಾವ."

ಊಟಕ್ಕೆ ಹಾಸಿದ ದಸ್ತರಖಾನಿನ ಎರಡೂ ಬದಿಯ ಬಾಯಿಗಳು ಅಗಿಯುವುದನ್ನು ನಿಲ್ಲಿಸಿದವು. ಅಮೀನಸಾಬನ ಮುಖ ಅವನ ಕಲ್ಲಿನ ಕೆಂಪು ಬಣ್ಣಕ್ಕೆ ತಿರುಗಿತು.

"ಹೆಜ್ಜಿಗೊಂದಾ? ಬರೋ ಜುಮ್ಮಾದೊಳಗ ಹತ್ತು ತಂದು ತೋರ್ಸು. ತೋರಸ್ಲಿಲ್ಲಂದ್ರ ಆ ಭೂತಗನ್ನಡಿ ನನಗ ಕೊಟ್ಟುಬಿಡು. ಬಳಿ ಎಣಸಾಕ ಬೇಕು."

ಮನೆಗೆ ಬಂದ ಮೇಲೆ ಹೆಂಡತಿ ಕುಬ್ರಾಬೇಗಂ ಹೊಸ್ತಿಲ ಮೇಲೆ ನಿಂತು ಕೇಳಿದಳು: "ನೀವು ಹೊಳಿ ನೋಡಿ ಎಷ್ಟು ವರ್ಷ ಆಯ್ತ್ರಿ?"

"ಹದಿನಾರು."

"ಕಲ್ಲು?"

"ಅವಾಗ ನೀರು ನೋಡಾಕ ಹೋಗಿದ್ನಿ. ಕಲ್ಲು ನೋಡಿಲ್ಲ."

ಮರುದಿನ ಬೆಳಿಗ್ಗೆಯೇ ಅಂಗಡಿಗೆ ಬೀಗ ಹಾಕಿ ಗಯಾಸ ವಡಗೇರಾ ಬಸ್ಸು ಹತ್ತಿದ. ಇಳಿದು ಎರಡು ಮೈಲಿ ನಡೆದು ಕೃಷ್ಣೆಯ ದಂಡೆ ಮುಟ್ಟಿದಾಗ ಹೊಳೆ ಬೇಸಿಗೆಗೆ ಸೊರಗಿ ಆಚೆ ದಡಕ್ಕೆ ಸರಿದಿತ್ತು. ಈಚೆಗೆ ಅಗಲವಾದ ಮರಳು, ಮರಳಿನ ನಡುವೆ ಕಲ್ಲಂಗಡಿ ಬಳ್ಳಿ, ಬಳ್ಳಿಯ ನಡುವೆ ಸೊಂಟಕ್ಕೆ ಸೆರಗು ಸಿಕ್ಕಿಸಿದ ಒಬ್ಬ ಹೆಂಗಸು. ಅವಳ ಹೆಸರು ಮೌನಮ್ಮ. ತಂದೆತಾಯಿ ಯಾವ ಆಸೆಯಿಂದ ಆ ಹೆಸರಿಟ್ಟಿದ್ದರೋ, ಅದು ಈಡೇರಿರಲಿಲ್ಲ.

"ಏನ್ರೀ ಅಣ್ಣಾರ, ಬಗ್ಗಿ ಬಗ್ಗಿ ಏನ್ ಹುಡುಕಾಕತ್ತೀರಿ? ಏನಾರ ಕಳಕೊಂಡೀರೇನು?" ಎಂದು ಆಚೆಯ ದಡಕ್ಕೂ ಕೇಳುವಂತೆ ಕೂಗಿದಳು.

"ಕಲ್ಲು ಹುಡುಕಾಕತ್ತೀನವ್ವ."

"ಎಲ್ಲಿಂದ ಬಂದೀರಿ?"

"ಶಹಾಪುರದಿಂದ."

ಮೌನಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಊರ ತುಂಬ ಗುಡ್ಡ ಇಟಗೊಂಡು ಕಲ್ಲಿಗಿ ಬಸ್ ಹತ್ತಿ ಬಂದೀರಾ? ಇದ್ದವೆಲ್ಲ ಖರ್ಚಾದ್ವಾ?"

ಆದರೆ ದಾರಿ ತೋರಿದವಳೂ ಅವಳೇ. ನೀರಿನ ಅಂಚಿಗೆ ನುಣ್ಣನೆಯ ಕಲ್ಲಿನ ರಾಶಿ ಇದೆ, ಒಣಗಿದ್ದಾಗ ಬೂದಿಯಂತೆ ಕಾಣುತ್ತವೆ, ನೀರಲ್ಲಿ ಅದ್ದಿದರೆ ಒಳಗಿನ ಬಣ್ಣ ಹೊರಗೆ ಬರುತ್ತದೆ, ಬಳ್ಳಿ ತುಳಿದರೆ ಮಾತ್ರ ತನ್ನ ಬಣ್ಣವೂ ಹೊರಗೆ ಬರುತ್ತದೆ ಎಂದಳು. ಗಯಾಸ ಬಳ್ಳಿ ದಾಟಿ, ಮೊಣಕಾಲೂರಿ ಕೂತು, ಕಲ್ಲು ಅದ್ದಿದ. ಅದ್ದಿ, ಬಿಸಿಲಿಗೆ ಎತ್ತಿ ಹಿಡಿದ. ಬೆಳಕು ಜೇನಿನೊಳಗಿನಿಂದ ಬಂದಂತೆ ಕಲ್ಲಿನೊಳಗಿನಿಂದ ಬಂತು. ವಾಚಿನ ಚಿಮಟ ತೆಗೆದು ಗೀರಿದ. ಚಿಮಟದ ಮೊನೆ ಮೊಂಡಾಯಿತು, ಕಲ್ಲಿಗೆ ಏನೂ ಆಗಲಿಲ್ಲ. ಒಂದರಲ್ಲಿ ಬಿಳಿ, ಕೆಂಪು ಪಟ್ಟಿ. ಇನ್ನೊಂದರಲ್ಲಿ ಕಣ್ಣಿನಂಥ ಸುತ್ತು. ಮತ್ತೊಂದರೊಳಗೆ ಹಸಿರು ಪಾಚಿ ಬೆಳೆದು ನಿಂತಂತೆ ಚಿತ್ತಾರ. ಸಂಜೆಯಾಗುವಷ್ಟರಲ್ಲಿ ಅವನಿಗೆ ಭಾವನೂ ಮರೆತುಹೋಗಿದ್ದ, ಬಸ್ಸೂ ಮರೆತುಹೋಗಿತ್ತು. ಆ ವಾರ ಮೂರು ದಿನ ಹೋದ, ಮೂರು ಚೀಲ ತಂದ, ಮೂರನ್ನೂ ಮಂಚದ ಕೆಳಗೆ ತಳ್ಳಿದ.

ಮೂರನೆಯ ದಿನ ಸಿಕ್ಕಿದ್ದು ಬೇರೆಯೇ. ಹೆಬ್ಬೆರಳಿನ ಗಾತ್ರ, ಒಂದು ಬದಿ ಸವೆದಿದೆ, ಇನ್ನೊಂದು ಬದಿಯಲ್ಲಿ ಸುರುಳಿ. ಫೋನಿನಿಂದ ಚಿತ್ರ ತೆಗೆದು, ಫೋನನ್ನೇ ಕೇಳಿದ. ಫೋನು ಒಂದೇ ಮಾತು ಹೇಳಿತು: ಫಾಸಿಲ್.

ಗಯಾಸ ಆ ಮಾತನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡ. ಆದರೆ ಹುಟ್ಟಿದಾಗಿನಿಂದ ದಖ್ಖನಿ ಆಡಿದ ನಾಲಿಗೆಗೆ ತನ್ನದೇ ಅಭಿಪ್ರಾಯಗಳಿರುತ್ತವೆ. ದೋರನಹಳ್ಳಿ ದಾಟುವಷ್ಟರಲ್ಲಿ ಫಾಸಿಲ್ ಎಂಬುದು ಫಸಿಲ್ ಆಗಿ, ಶಹಾಪುರದಲ್ಲಿ ಇಳಿಯುವಾಗ ಫಸಲ್ ಆಗಿತ್ತು.

ಶುಕ್ರವಾರ, ಜುಮ್ಮಾದ ದಿನ ಗಯಾಸ ಹತ್ತಲ್ಲ, ನಲವತ್ತು ಕಲ್ಲು ತೊಳೆದು ಭಾವನ ಮುಂದೆ ಸಾಲಾಗಿ ಇಟ್ಟ. ಅಮೀನಸಾಬ ಒಂದೊಂದನ್ನೇ ಎತ್ತಿ, ಗಾಜೆಂದು ಹೇಳಲು ಬಾಯಿ ತೆರೆದು, ಮುಚ್ಚಿ, ಕೊನೆಗೆ, "ಈ ಹೊಳೀನೇ ಯಮನ್ ಕಡಿಂದ ಬಂದಿರಬೇಕು," ಎಂದ. ಸುರುಳಿಯ ಕಲ್ಲನ್ನು ನೋಡಿ ಸ್ವಲ್ಪ ಚೇತರಿಸಿಕೊಂಡ. "ಇದೇನು, ಮುರಿದ ಚಕ್ಕುಲಿ?"

"ಕೋಟಿಗಟ್ಟಲೆ ವರ್ಷದ ಹಿಂದಿನ ಹುಳ. ಕಲ್ಲಾಗ್ಯದ."

"ಯಾರ್ ಹೇಳ್ಯಾರ?"

"ಫೋನು."

"ಫೋನು ನನಗ ದಿನಾ ಹೇಳ್ತದ ನೀ ಕಾರು ಗೆದ್ದೀದಿ ಅಂತ. ಓದಿದವ್ರ ಬಾಯಾಗ ಹೇಳಸು, ಒಪ್ಪತೀನಿ."

ಹೀಗಾಗಿ ಗಯಾಸ ಓದಿದವರನ್ನು ಹುಡುಕಿದ. ಯಾದಗಿರಿಯ ಕಾಲೇಜೊಂದರಲ್ಲಿ ಭೂಗರ್ಭಶಾಸ್ತ್ರ ಕಲಿಸುವ ಮಲ್ಲೇಶ್ವರಿ ಮೇಡಂ ನಂಬರು ಸಿಕ್ಕಿತು. ಅವರಿಗೆ ಚಿತ್ರ ಕಳಿಸಿ, ಉತ್ತರ ಬರುವವರೆಗೆ ಸುಮ್ಮನಿರಲಾಗದೆ ಅಂಗಡಿಯ ಬೋರ್ಡಿನಲ್ಲಿ 'ಎಲ್ಲಾ ತರಹದ ವಾಚ್ ರಿಪೇರಿ' ಎಂಬುದರ ಕೆಳಗೆ 'ಕಲ್ಲು ತಪಾಸಣೆ' ಎಂದೂ ಬರೆಸಿದ.

ಮೊದಲ ಗಿರಾಕಿಯಾಗಿ ಬಂದವನು ಪಕ್ಕದ ಹೋಟೆಲಿನ ಬಸವಂತ್ರಾಯ. ಆಚೀಚೆ ನೋಡಿ, ಒಂದು ಸಣ್ಣ ಸೀಸೆಯನ್ನು ಗಾಜಿನ ಮೇಲೆ ಇಟ್ಟ. ಗಯಾಸ ಒಳಗಿನ ಕಲ್ಲನ್ನು ಚಿಮಟದಿಂದ ತೆಗೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಬಹಳ ಹೊತ್ತು ನೋಡಿದ. ಇಂಥದ್ದನ್ನು ಅವನು ದಂಡೆಯಲ್ಲಿ ಕಂಡಿರಲಿಲ್ಲ.

"ಅಪರೂಪದ್ದು ಅದ. ಮೈಯೆಲ್ಲ ಮುಳ್ಳು ಮುಳ್ಳು. ಎಲ್ಲಿ ಸಿಕ್ತು?"

"ಬಲಗಡಿ ಕಿಡ್ನ್ಯಾಗ," ಎಂದ ಬಸವಂತ್ರಾಯ ಹೆಮ್ಮೆಯಿಂದ. "ಡಾಕ್ಟರು ತಗದು ಕೈಯಾಗ ಕೊಟ್ರು. ಯಾವ ಜಾತಿ ಕಲ್ಲು ಅಂತ ಹೇಳಲೇ ಇಲ್ಲ ನೋಡು."

ಗಯಾಸ ಚಿಮಟವನ್ನು ಮೂರು ಸಲ ತೊಳೆದ. ಮೂರನೆಯ ಸಲ ತೊಳೆಯುತ್ತಿದ್ದಾಗಲೇ ಫೋನು ರಿಂಗಾಯಿತು. ಮಲ್ಲೇಶ್ವರಿ ಮೇಡಂ!

ಎದುರಿನಲ್ಲಿ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದುದರಿಂದ ಗಯಾಸ ಕೂಗಿಯೇ ಮಾತಾಡಿದ. "ಹೌದ್ರಿ ಮೇಡಂ! ವಡಗೇರಾ ಕಡಿ ಹೊಳಿ ದಂಡ್ಯಾಗೇ! ಫಸಲ್ ಬಂದದ್ರಿ! ಇನ್ನೂ ಭಾಳ ಬರೋಹಂಗ ಅದ! ಮೂರು ಚೀಲ ತುಂಬಿ ಮನ್ಯಾಗ ಇಟ್ಟೀನ್ರಿ! ಗುರುವಾರ ಬರ್ತೀರಿ? ಬರ್ರಿ! ಇಲ್ರಿ, ಯಾರಿಗೂ ಹೇಳಿಲ್ಲ!"

ಯಾರಿಗೂ ಹೇಳದ ಈ ಸಂಗತಿಯನ್ನು ಬಸ್‌ಸ್ಟ್ಯಾಂಡಿನಲ್ಲಿ ಸುಮಾರು ಎಂಬತ್ತು ಜನ ಕೇಳಿದರು. ಅವರಲ್ಲಿ ಎಪ್ಪತ್ತೊಂಬತ್ತು ಜನ ತಮ್ಮ ತಮ್ಮ ಬಸ್ಸು ಹತ್ತಿ ಹೋದರು. ಉಳಿದವನು ರಾಮಲಿಂಗ. ವಾಚಿನ ಬೆಲ್ಟು ಹಾಕಿಸಲು ಬಂದು ನಿಂತಿದ್ದ ಅವನು ತಾಲೂಕಿನ ಒಂದು ಸರಕಾರಿ ಕಚೇರಿಯ ಗುಮಾಸ್ತ. ಯಾವ ಕಚೇರಿ ಎಂದು ಹೇಳುವುದಿಲ್ಲ. ಎಲ್ಲ ಕಚೇರಿಯವರೂ ತಮ್ಮದಲ್ಲವೆಂದು ನೆಮ್ಮದಿಯಿಂದಿರಲಿ. ಅವನ ಸಾಹೇಬರು ಹಿಂದಿನ ದಿನವಷ್ಟೇ, "ಸರ್ಕಾರಿ ಜಾಗ ಒತ್ತುವರಿ ಮಾಡಿದ ಒಂದು ಕೇಸನ್ನಾದರೂ ತನ್ನಿ," ಎಂದು ಗದರಿದ್ದರು. ಇಲ್ಲಿ ನೋಡಿದರೆ ವಾಚ್ ರಿಪೇರಿಯವನೊಬ್ಬ ಸರ್ಕಾರದ ಹೊಳೆಯಲ್ಲಿ ಬೇಸಾಯ ಮಾಡಿ, ಮೂರು ಚೀಲ ಫಸಲು ಮನೆಗೆ ಸಾಗಿಸಿ, ಅದನ್ನು ಹೆಂಗಸೊಬ್ಬರಿಗೆ ಫೋನಿನಲ್ಲಿ ಒಪ್ಪಿಕೊಳ್ಳುತ್ತಿದ್ದಾನೆ! ರಾಮಲಿಂಗ ಬೆಲ್ಟು ಮರೆತು ಓಡಿದ.

ಮಂಗಳವಾರ ಸಾಹೇಬರೇ ಅಂಗಡಿಗೆ ಬಂದರು. ಮೈಸೂರು ಕಡೆಯವರು, ಇಸ್ತ್ರಿ ಅಂಗಿ, ಹೊಸದಾಗಿ ವರ್ಗವಾಗಿ ಬಂದವರು. ಹಿಂದೆ ಫೈಲು ಹಿಡಿದ ರಾಮಲಿಂಗ. ಮೇಡಂ ಹೇಳಿ ಕಳಿಸಿದ ತಜ್ಞರೇ ಇವರೆಂದು ಗಯಾಸನಿಗೆ ಅನುಮಾನವೇ ಉಳಿಯಲಿಲ್ಲ. ಸ್ಟೂಲು ಒರೆಸಿ ಕೊಟ್ಟ, ಚಹಾ ಹೇಳಿದ.

"ಹೊಳೆ ದಂಡೆ ಮೇಲಿನ ಫಸಲು ನಿಮ್ಮದೇನ್ರೀ?"

"ನಂದೇ ಸಾಹೇಬ್ರ! ಮೊದಲು ಕಂಡವನೇ ನಾನು."

"ಎಷ್ಟು ವರ್ಷದಿಂದ ಇದೆ?"

"ಹತ್ತು ಕೋಟಿ ಇರಬಹುದು, ಎರಡು ಕೋಟಿನೂ ಇರಬಹುದು. ಖರೇ ಲೆಕ್ಕ ಗುರುವಾರ ಗೊತ್ತಾಗ್ತದ."

ಸಾಹೇಬರು ರಾಮಲಿಂಗನ ಕಡೆ ತಿರುಗಿದರು. "ತಲೆತಲಾಂತರದಿಂದ ಅಂತ ಬರ್ಕೊಳ್ರೀ. ನೀರಿಗೆ ಏನು ಮಾಡ್ತೀರಿ?"

"ಆವಾಗ ಇಲ್ಲೆಲ್ಲ ನೀರೇ ಇತ್ರಿ. ಈಗ ನೀರಿನ ಕೆಲಸಿಲ್ಲ."

'ಮಳೆಯಾಶ್ರಿತ' ಎಂದು ರಾಮಲಿಂಗ ಬರೆದ.

"ಗೊಬ್ಬರ?"

"ಗೊಬ್ಬರ ಯಾಕ್ರಿ?" ಗಯಾಸ ನಕ್ಕ. "ಸತ್ತ ಮ್ಯಾಲ ಮಣ್ಣಾಗ ಹೂತು ಬಿದ್ದಿದ್ರ ಸಾಕು, ತಾನೇ ತಯಾರಾಗ್ತದ."

"ಯಾರು ಸತ್ತ ಮೇಲೆ?"

"ಹುಳಹುಪ್ಪಡಿ, ಪ್ರಾಣಿಪಕ್ಷಿ, ಯಾವುದಾದ್ರೂ ನಡೀತದ್ರಿ. ದೊಡ್ಡ ಪ್ರಾಣಿ ಆದ್ರ ಭಾಳ ಚಲೋ."

ಸಾಹೇಬರು ಸ್ಟೂಲನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡರು. "ಸಾವಯವ ಕೃಷಿ ಇರಬೇಕ್ರಿ ಸರ್," ಎಂದು ರಾಮಲಿಂಗ ಕಿವಿಯಲ್ಲಿ ಉಸುರಿದ.

"ಕೊಯ್ಲು?"

"ಸುತ್ತಿಗಿ, ಉಳಿ. ಮೆತ್ತಗ ಹೊಡೀಬೇಕ್ರಿ, ಇಲ್ಲಂದ್ರ ಹಲ್ಲು ಮುರೀತಾವ."

"ಯಾರ ಹಲ್ಲು?"

"ಅದರದೇ ರಿ. ಕೆಲವಕ್ಕ ಹಲ್ಲು ಇರ್ತಾವಂತ."

ಸಾಹೇಬರು ಬೆವರು ಒರೆಸಿಕೊಂಡರು. "ಆ ಮೂರು ಚೀಲ... ಮನೆಯಲ್ಲಿ ಕೊಳೆಯೋದಿಲ್ವೇ?"

"ಇಷ್ಟು ಕೋಟಿ ವರ್ಷ ಕೊಳತಿಲ್ಲ, ಈಗೇನ್ ಕೊಳೀತಾವ್ರಿ? ಮಂಚದ ಕೆಳಗೇ ಅವ. ಬರ್ರಿ, ತೋರಸ್ತೀನಿ."

"ಬೇಡ!" ಎಂದು ಸಾಹೇಬರು ಎದ್ದೇಬಿಟ್ಟರು. ಬಂದ ಚಹಾವನ್ನು ಕಪ್ಪಿನೊಳಗೆ ಅನುಮಾನದಿಂದ ಇಣುಕಿ ನೋಡಿ ಅಲ್ಲೇ ಬಿಟ್ಟರು. "ಗುರುವಾರ ಸ್ಥಳದಲ್ಲೇ ನೋಡ್ತೀವಿ."

"ಮೇಡಮ್ಮೂ ಅವತ್ತೇ ಬರ್ತಾರ್ರಿ!" ಎಂದು ಗಯಾಸ ಹಿಂದಿನಿಂದ ಸಂತೋಷವಾಗಿ ಕೂಗಿದ.

ಬುಧವಾರ ಮಧ್ಯಾಹ್ನ ಮೌನಮ್ಮ ಬಂದಳು. ಬಸ್ಸಿನಿಂದ ಇಳಿಯುವ ಮುಂಚೆಯೇ ಅವಳ ದನಿ ಇಳಿದು ರಸ್ತೆ ದಾಟಿತ್ತು. ಕೈಯಲ್ಲಿ ಅವಳ ಗುಡಿಸಲಿಗೆ ಅಂಟಿಸಿ ಹೋದ ಕಾಗದ, ಅಂಟಿನ ಜೊತೆಗೇ ಕಿತ್ತು ತಂದದ್ದು.

"ಎಲ್ಲದಾನ ಆ ಕಲ್ಲಿನ ಮನಷ್ಯಾ? ಓದು ಇದನ್ನ! ಮೂರು ತಿಂಗಳು ಹೊತ್ತು ಹೊತ್ತು ನೀರು ಹಾಕೀನಿ. ನಾಳಿ ಟ್ರ್ಯಾಕ್ಟರ್ ತಂದು ಹರಗ್ತಾರಂತ. ಯಾರಪ್ಪಾ ಹೇಳ್ದವ್ರು ಅಂದ್ರ, ಶಹಾಪುರದ ವಾಚಿನಂವ ತಾನೇ ಒಪ್ಪ್ಯಾನಂತ!"

ಗಯಾಸ ಓದಿದ. 'ಸರ್ಕಾರಿ ನದಿ ಪಾತ್ರದಲ್ಲಿ ಅನಧಿಕೃತವಾಗಿ ಬೆಳೆದಿರುವ ಫಸಲನ್ನು ಗುರುವಾರ ತೆರವುಗೊಳಿಸಲಾಗುವುದು.' ಅವನ ಕಣ್ಣು 'ಫಸಲನ್ನು' ಎಂಬಲ್ಲಿ ನಿಂತಿತು. ತುಟಿ ಎರಡು ಸಲ ಅಲ್ಲಾಡಿತು. ಫಾಸಿಲ್. ಫಸಲ್. ಆಮೇಲೆ ಸ್ಟೂಲಿನ ಮೇಲೆ ಕೂತುಬಿಟ್ಟ.

"ಅವ್ವಾ, ಅವರು ಕೇಳಿದ್ದು ಬೆಳಿ. ನಾ ಹೇಳಿದ್ದು ಹುಳ."

"ಹುಳಾ ಬಿದ್ದೈತಂತ ಬ್ಯಾರೆ ಹೇಳೀಯೇನು!" ಎಂದು ಮೌನಮ್ಮ ಇನ್ನೂ ಎತ್ತರದ ದನಿ ತೆಗೆದಳು. ಬಸವಂತ್ರಾಯ ಹೋಟೆಲು ಬಿಟ್ಟು ಓಡಿ ಬಂದು ನೀರು ಕೊಟ್ಟ; ಯಾರಿಗೆ ಕೊಡಬೇಕೆಂದು ತಿಳಿಯದೆ ತಾನೇ ಕುಡಿದ.

ಗುರುವಾರ ಹೊಳೆದಂಡೆಯಲ್ಲಿ ಎಂದೂ ಕಾಣದಷ್ಟು ಜನ. ಮರಳ ಮೇಲೆ ಟ್ರ್ಯಾಕ್ಟರು ಗುಡುಗುಡು ಅನ್ನುತ್ತಿತ್ತು. ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದೇ ಜೀಪಿನಿಂದ ಇಳಿದರು. ಬಸವಂತ್ರಾಯ ಹೋಟೆಲಿಗೆ ಬಾಗಿಲು ಹಾಕಿ ಬಂದಿದ್ದ. ಅಮೀನಸಾಬ ಯಾದಗಿರಿಯಿಂದ ಕಾರು ಮಾಡಿಕೊಂಡು ಬಂದಿದ್ದ. ಓದಿದವರ ಬಾಯಿಂದ ಏನು ಬರುತ್ತದೆಂದು ಕೇಳಬೇಕಲ್ಲ. ಬರಬೇಕಾದ ಓದಿದವರ ಬಸ್ಸು ಮಾತ್ರ ದಾರಿಯಲ್ಲಿ ಪಂಕ್ಚರ್ ಆಗಿ ನಿಂತಿತ್ತು.

ಮೌನಮ್ಮ ಬಳ್ಳಿಗಳ ನಡುವೆ ಕಾಲು ಚಾಚಿ ಕೂತುಬಿಟ್ಟಿದ್ದಳು. ಗಯಾಸ ಓಡಿ ಹೋಗಿ ಟ್ರ್ಯಾಕ್ಟರಿನ ಮುಂದೆ ನಿಂತು ಮಂಚದ ಕೆಳಗಿನಿಂದ ಹೊತ್ತು ತಂದಿದ್ದ ಒಂದು ಚೀಲವನ್ನು ಮಗುಚಿದ. ಕಲ್ಲುಗಳು ಕಟಕಟನೆ ಬಿದ್ದವು.

"ಸಾಹೇಬ್ರ, ಇದೇ ರಿ ನನ್ನ ಫಸಲು! ಬೆಳಿ ಅಲ್ರಿ, ಕಲ್ಲು. ಫಾ... ಸಿಲ್!" ಸುರುಳಿಯ ಕಲ್ಲನ್ನು ಎತ್ತಿ ತೋರಿಸಿ, ನಾಲಿಗೆಯನ್ನು ಹಲ್ಲಿನ ನಡುವೆ ಹಿಡಿದು ಹೇಳಿದ. "ಈ ಅವ್ವಗೂ ನನಗೂ ಸಂಬಂಧಿಲ್ಲ. ಇಕಿ ಬಡತನದಾಗ ನಾಕು ಕಾಯಿ ಬೆಳದಾಳ, ಮಳಿ ಬಂದ್ರ ಅವೂ ಹೊಳಿಗೇ ಹೋಗ್ತಾವ."

ಸಾಹೇಬರು ಸುರುಳಿಯ ಕಲ್ಲನ್ನು ನೋಡಿದರು. ಕರವಸ್ತ್ರ ಮೂಗಿನಿಂದ ಇಳಿಯಿತು. ರಾಮಲಿಂಗನನ್ನು ನೋಡಿದರು, ರಾಮಲಿಂಗ ಹೊಳೆಯನ್ನು ನೋಡಿದ. ಫೈಲಿಗೆ ನಂಬರು ಬಿದ್ದಾಗಿತ್ತು, ಟ್ರ್ಯಾಕ್ಟರು ಬಂದಾಗಿತ್ತು, ಇಷ್ಟು ಜನರೆದುರು ಬರಿಗೈಲಿ ಹಿಂದಿರುಗುವುದು ಸರ್ಕಾರಕ್ಕೆ ಶೋಭೆಯಲ್ಲ. ಸಾಹೇಬರು ಕ್ಷಣಕಾಲ ಯೋಚಿಸಿ ಇನ್ನೂ ದೊಡ್ಡದೊಂದನ್ನು ಹಿಡಿದರು.

"ಫಾಸಿಲ್ ಆದರೆ ವಿಷಯ ಇನ್ನೂ ಗಂಭೀರ! ಇದು ಪ್ರಾಚೀನ ಸಂಪತ್ತು. ರಾಮಲಿಂಗ, ಬರ್ಕೊಳ್ರೀ. ಈ ಇಡೀ ದಂಡೆಗೆ ತಂತಿ ಬೇಲಿ, ಬೋರ್ಡು, ಕಾವಲು. ಇವತ್ತಿನಿಂದ ಒಂದು ನರಪಿಳ್ಳೆಯೂ ಇಲ್ಲಿ ಕಾಲಿಡುವಂತಿಲ್ಲ."

"ನನ್ನ ಬಳ್ಳಿ?" ಎಂದಳು ಮೌನಮ್ಮ. ಮೊದಲ ಬಾರಿಗೆ ಅವಳ ದನಿ ಪಕ್ಕದವರಿಗಷ್ಟೇ ಕೇಳಿಸಿತು.

"ಬೇಲಿ ಒಳಗೆ ಬಂದರೆ ಬೇಲಿ ಒಳಗೆ."

ಗಯಾಸ ಕೈಯಲ್ಲಿದ್ದ ಕಲ್ಲನ್ನು ನೋಡಿದ. ಎದುರಿಗೆ ಅಮೀನಸಾಬ ಎದೆಯ ಮೇಲೆ ಕೈಕಟ್ಟಿ, ಉಂಗುರ ಕಾಣುವಂತೆ ನಿಂತಿದ್ದ. ಗಯಾಸ ಗಂಟಲು ಸರಿಮಾಡಿಕೊಂಡು, ಭೂತಗನ್ನಡಿ ಸಿಕ್ಕಿಸಿಕೊಂಡು, ಎಲ್ಲರೂ ನೋಡುವಂತೆ ಕಲ್ಲನ್ನು ಕಣ್ಣಿನ ಬಳಿ ತಂದ.

"ಅಯ್ಯಯ್ಯ! ಸಾಹೇಬ್ರ, ತಪ್ಪಾಯ್ತು. ಇದು ಸ್ಪ್ರಿಂಗ್."

"ಏನು?"

"ಅಲಾರಾಂ ಗಡಿಯಾರದ ಸ್ಪ್ರಿಂಗು ರಿ. ಹಳೀ ಕಾಲದ್ದು. ಮಣ್ಣು, ಸುಣ್ಣ ಮೆತ್ತಿ ಗಟ್ಟಿಯಾಗ್ಯದ. ಇಪ್ಪತ್ತೆಂಟು ವರ್ಷ ಇದೇ ಕೆಲಸ ಮಾಡೀನಿ, ನನಗೇ ಗುರುತು ಸಿಗಲಿಲ್ಲ ನೋಡ್ರಿ! ಥೂ ನನ್ನ ಕಣ್ಣಿಗಿ."

ಅಮೀನಸಾಬ ನಕ್ಕ ನಗೆಗೆ ದಂಡೆಯ ಕೊಕ್ಕರೆಗಳು ಎದ್ದು ಹಾರಿದವು. "ಸ್ಪ್ರಿಂಗ್! ಕೋಟಿ ವರ್ಷದ ಸ್ಪ್ರಿಂಗ್! ಚಾವಿ ಕೊಡ್ರೋ, ನಡೀತದೇನ್ ನೋಡೋಣ!" ಬಸವಂತ್ರಾಯ ಕೂಡ ನಕ್ಕ, ಆದರೆ ಸೆರಗಿನಂತೆ ಟವೆಲು ಬಾಯಿಗೆ ಅಡ್ಡ ಹಿಡಿದು. ಸಾಹೇಬರು ಮಾತ್ರ ನಗಲಿಲ್ಲ. ಅವರಿಗೆ ಹಿಂದಿರುಗಲು ದಾರಿ ಸಿಕ್ಕಿತ್ತು. 'ಸ್ಥಳ ಪರಿಶೀಲಿಸಲಾಗಿ, ಸದರಿ ವಸ್ತುವು ಗಡಿಯಾರದ ಬಿಡಿಭಾಗವೆಂದು ಸ್ವತಃ ತಜ್ಞರೇ ಒಪ್ಪಿರುತ್ತಾರೆ' ಎಂದು ಬರೆಸಿ, ಗಯಾಸನ ಸಹಿ ಹಾಕಿಸಿಕೊಂಡು ಜೀಪು ಹತ್ತಿದರು. ಟ್ರ್ಯಾಕ್ಟರೂ ಹಿಂದೆಯೇ ಹೋಯಿತು. ಸುದ್ದಿಯನ್ನು ಬಿಸಿಯಾಗಿ ಮುಟ್ಟಿಸಬೇಕೆಂದು ಅಮೀನಸಾಬನೂ ಹೊರಟ.

ಮಲ್ಲೇಶ್ವರಿ ಮೇಡಂ ಬಂದಾಗ ದಂಡೆಯಲ್ಲಿ ಗಯಾಸ, ಮೌನಮ್ಮ ಇಬ್ಬರೇ ಉಳಿದಿದ್ದರು. ಅವರು ಕಲ್ಲನ್ನು ನೀರಲ್ಲಿ ಅದ್ದಿದರು, ಬಿಸಿಲಿಗೆ ಹಿಡಿದರು, ಗಯಾಸನ ಭೂತಗನ್ನಡಿ ಕೇಳಿ ತೊಗೊಂಡರು. ಬಹಳ ಹೊತ್ತಿನ ಮೇಲೆ ತಲೆಯೆತ್ತಿದಾಗ ಅವರ ಕಣ್ಣು ಅರಳಿತ್ತು.

"ಬಸವನಹುಳ ರಿ! ಆರೂವರಿ ಕೋಟಿ ವರ್ಷದ ಹಿಂದಿಂದು. ಚಿಪ್ಪು ಕರಗಿ ಒಳಗೆಲ್ಲ ಅಕೀಕ್ ತುಂಬಿಕೊಂಡದ. ಹುಳಾನೂ ಹೌದು, ರತ್ನಾನೂ ಹೌದು. ಇದು ಇಲ್ಲಿ ಹುಟ್ಟಿದ್ದಲ್ಲ, ಮ್ಯಾಲೆ ಎಲ್ಲಿಂದಲೋ ಹೊಳಿ ಉರುಳಿಸಿಕೊಂಡು ತಂದದ್ದು. ಇನ್ನೊಂದು ಸಿಗಬೇಕಂದ್ರ ಹೊಳೀಗೇ ಮನಸ್ಸು ಬರಬೇಕು. ಯಾರಿಗೆ ಹೇಳೋಣ ಇದನ್ನ?"

ಗಯಾಸ ಕಲ್ಲನ್ನು ನೋಡಿದ, ಆಮೇಲೆ ಬಳ್ಳಿಗಳನ್ನು. "ಕಾಯಿ ಮುಗಿಯೋ ತನಕ ಯಾರಿಗೂ ಬ್ಯಾಡ್ರಿ," ಎಂದು ಸಾಹೇಬರ ಬೇಲಿಯ ಮಾತನ್ನೂ ಹೇಳಿದ.

"ಒಂದು ಕಾಗದ ಬರೀತೀನಿ, ಬೇಲಿ ಅಗತ್ಯ ಇಲ್ಲ ಅಂತ."

"ಕಾಗದ ಅಂತೂ ಬ್ಯಾಡೇಬ್ಯಾಡ್ರಿ ಮೇಡಂ! ಈ ಕಚೇರಿಗಿ ಒಂದು ಕೊಟ್ರ ನಾಕು ಈಯ್ತಾವ."

ಮೇಡಂ ಕಾಲೇಜಿನ ಕಪಾಟಿನಲ್ಲಿ ಇಡಲು ಕಲ್ಲನ್ನು ತೊಗೊಂಡರು. ಕಂಡುಹಿಡಿದವರ ಹೆಸರು ಏನು ಬರೆಯಲಿ ಎಂದು ಕೇಳಿದ್ದಕ್ಕೆ, ಸದ್ಯಕ್ಕೆ ಜಾಗ ಖಾಲಿ ಬಿಡಿ ಎಂದ. ಮೌನಮ್ಮ ಅಷ್ಟೂ ಹೊತ್ತು ಬಾಯಿ ಬಿಡದೆ ಕೇಳುತ್ತ ಕೂತಿದ್ದಳು. ಎದ್ದು ಹೋಗಿ, ಬಳ್ಳಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಕಾಯಿ ಕಿತ್ತು ತಂದು ಗಯಾಸನ ಖಾಲಿ ಚೀಲಕ್ಕೆ ಹಾಕಿದಳು.

ವಾರದೊಳಗೆ ಶಹಾಪುರದಿಂದ ಯಾದಗಿರಿಯವರೆಗೆ ಗಯಾಸನಿಗೆ ಸ್ಪ್ರಿಂಗ್ ಗಯಾಸ ಎಂದೇ ಹೆಸರಾಯಿತು. ಕುಬ್ರಾಬೇಗಂ ಅಣ್ಣನಿಗೆ ಫೋನು ಮಾಡಿ ನಾಲ್ಕು ಮಾತು ಅಂದಳು. ನಿಜ ಹೇಳುವಂತಿರಲಿಲ್ಲವಾದ್ದರಿಂದ ಬೇರೆ ಬೇರೆ ಹಳೆಯ ವಿಷಯಗಳಿಗೆ ಅಂದಳು. ಇಷ್ಟಕ್ಕೇ ಮುಗಿಯಿತು ಎಂದುಕೊಳ್ಳುವಾಗ ಕಚೇರಿಯಿಂದ ಇನ್ನೊಂದು ಕಾಗದ ಬಂತು. ಯಾರೋ ಫೈಲನ್ನು ಮೊದಲಿನಿಂದ ಓದಿದ್ದರು. 'ತಾವು ಗಡಿಯಾರದ ಬಿಡಿಭಾಗಗಳನ್ನು ನದಿ ಪಾತ್ರದಲ್ಲಿ ಎಸೆದು ಮಲಿನಗೊಳಿಸಿರುವುದು ತಮ್ಮ ಹೇಳಿಕೆಯಿಂದಲೇ ಸಾಬೀತಾಗಿದ್ದು, ತಾವು ಎಂಟು ಭಾನುವಾರ ಖುದ್ದಾಗಿ ಹಾಜರಿದ್ದು, ಸಿಬ್ಬಂದಿಯ ಸಮಕ್ಷಮ ದಂಡೆಯಲ್ಲಿ ಬಿದ್ದಿರುವುದನ್ನೆಲ್ಲ ಆರಿಸತಕ್ಕದ್ದು.'

ಗಯಾಸ ಕಾಗದವನ್ನು ಎರಡು ಸಲ ಓದಿದ. ಮೂರನೆಯ ಸಲ ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದ.

"ಎಂಟು ಭಾನುವಾರ!" ಎಂದು ಕುಬ್ರಾಬೇಗಂ ತಲೆ ಮೇಲೆ ಕೈಯಿಟ್ಟಳು.

"ಸರ್ಕಾರದ ಹುಕುಂ. ಏನ್ ಮಾಡಾಕಾಗ್ತದ?" ಎಂದು ಗಯಾಸ ಮುಖವನ್ನು ಆದಷ್ಟು ಸಪ್ಪಗೆ ಮಾಡಿಕೊಂಡು ಹೊಸ ಚೀಲ ಹುಡುಕಲು ಒಳಗೆ ಹೋದ.

ಮೊದಲ ಭಾನುವಾರ ಸಿಬ್ಬಂದಿಯಾಗಿ ಬಂದವನು ರಾಮಲಿಂಗ. ಒಂದು ತಾಸು ಬಿಸಿಲಲ್ಲಿ ಕೊಡೆ ಹಿಡಿದು ನಿಂತ. ಎರಡನೆಯ ತಾಸಿಗೆ ಬೇಸರವಾಗಿ ಪ್ಯಾಂಟು ಮಡಿಚಿ ನೀರಿಗಿಳಿದ. ಮೂರನೆಯ ತಾಸಿಗೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಹಸಿ ಕಲ್ಲೊಂದನ್ನು ಅಂಗೈಯಲ್ಲಿ ಹಿಡಿದು ಹತ್ತಿರ ಬಂದ.

"ಗಯಾಸಭಾಯಿ, ಇದು ಯಾವುದಂತ ಸ್ವಲ್ಪ ನೋಡ್ರಲ್ಲ."

ಗಯಾಸ ಭೂತಗನ್ನಡಿ ಸಿಕ್ಕಿಸಿಕೊಂಡ. ಕಲ್ಲಿನೊಳಗೆ ಬೆಳ್ಳಗೆ, ಕೆಂಪಗೆ, ಜೇನಿನ ಬಣ್ಣಕ್ಕೆ, ಒಂದರೊಳಗೊಂದು ಹದಿನೇಳು ಸುತ್ತು.

"ಇದೇನ್ರಿ?" ಎಂದ ಗಯಾಸ. "ಬರೇ ಕಲ್ಲು."

ರಾಮಲಿಂಗ ನಿರಾಸೆಯಿಂದ ಅದನ್ನು ಬೀಸಿ ಎಸೆದ. ಗಯಾಸ ಅದು ಎಲ್ಲಿ ಬಿತ್ತೆಂದು ಕಣ್ಣಲ್ಲೇ ಗುರುತು ಹಾಕಿಕೊಂಡು, ಆ ಕಡೆಗೇನೂ ಅವಸರವಿಲ್ಲದವನಂತೆ, ಬೇರೆ ದಿಕ್ಕಿನಿಂದ ದಂಡೆ ಸ್ವಚ್ಛ ಮಾಡುತ್ತ ಬಂದ.